ಕಾರಿಗೆ ಮನೆ ಕಡ್ಡಾಯ, ಮನುಷ್ಯರದ್ದು ಆಮೇಲೆ ನೋಡೋಣ

ಇವತ್ತು ಮಧ್ಯಾಹ್ನ ಕೂತು 4 ಮನೆ ಅಳಿಸಿದೆ. ಗಾಬರಿಯಾಗಬೇಡಿ, ಡ್ರಾಯಿಂಗ್‌ನಲ್ಲಿದ್ದ ಮನೆಗಳು. ನನ್ನ ಕೆಲಸ ನಿಮಗೆಲ್ಲ ಗೊತ್ತೇ ಇದೆ, ದಿನವಿಡೀ ಬೇರೆಯವರ ಮನೆಗೆ ಗೋಡೆ ಎಳೆಯೋದು. ಬಾಡಿಗೆಗೆ ಕೊಡಲಿಕ್ಕೆಂದು ಒಬ್ಬರು 16 ಸಣ್ಣ ಮನೆಗಳ ಕಟ್ಟಡ ಮಾಡಿಸುತ್ತಿದ್ದಾರೆ. ರೈಲು ನಿಲ್ದಾಣ ನಡೆದು ಹೋಗುವಷ್ಟು ಹತ್ತಿರ. ಗಾಳಿ ಬೆಳಕು ನೋಡಿಕೊಂಡು, ಅಡುಗೆಮನೆ ಕಿಟಕಿ ಪಕ್ಕದವರ ಬಚ್ಚಲಿಗೆ ಎದುರಾಗದ ಹಾಗೆ ಕಷ್ಟಪಟ್ಟು ಕೂರಿಸಿದ್ದೆ. ಮಂಜೂರಾತಿಗೆ ಕೊಟ್ಟಿದ್ದ ಪ್ಲಾನ್ ವಾಪಸ್ ಬಂತು. ಕಾರಣ ಒಂದೇ ಸಾಲು. ಮನೆಗೊಂದು ಕಾರಿನ ಜಾಗ ಬೇಕು, ನೀವು ತೋರಿಸಿರುವುದು 12.

ಹಾಗಾದರೆ ಇನ್ನೂ 4 ಕಾರಿಗೆ ಜಾಗ ಹುಡುಕಬೇಕು, ಇಲ್ಲಾ 4 ಮನೆ ತೆಗೆಯಬೇಕು. ಬೇಸ್‌ಮೆಂಟ್ ತೋಡೋಣ ಅಂದರೆ ರ‍್ಯಾಂಪ್ ಕೂರುವುದಿಲ್ಲ. 3 ಮೀಟರ್ ಕೆಳಗಿಳಿಯಬೇಕು. 8 ಮೀಟರಿಗೆ 1 ಮೀಟರ್ ಇಳಿಜಾರು ಕೊಟ್ಟರೂ ರ‍್ಯಾಂಪ್ ಒಂದೇ 24 ಮೀಟರ್ ಉದ್ದ. ಸೈಟಿನ ಆಳ 27. ಕಾರು ಕೆಳಗೆ ಮುಟ್ಟುವ ಹೊತ್ತಿಗೆ ಅದರ ಮೂತಿ ಹಿಂದಿನ ಗೋಡೆಗೆ ತಾಗಿರುತ್ತದೆ. ಸರಿ, ಮನೆಗಳನ್ನೇ ಅಳಿಸಿದೆ. ಅಲ್ಲಿಗೆ ಬರಬೇಕಿದ್ದ ನಾಲ್ಕು ಸಂಸಾರಗಳ ಹತ್ತಿರ ಕಾರು ಇದೆಯಾ ಇಲ್ಲವಾ ಅಂತ ಯಾರೂ ಕೇಳಲಿಲ್ಲ. ನಿಯಮಕ್ಕೆ ಅದು ಬೇಕಾಗಿಯೂ ಇಲ್ಲ. ಬರದೇ ಇರುವ ಕಾರಿಗೂ ಜಾಗ ಇರಲೇಬೇಕು, ಬರಬೇಕಾದ ಮನುಷ್ಯರಿಗೆ ಇಲ್ಲದಿದ್ದರೂ ನಡೆಯುತ್ತದೆ.

ಒಂದು ಕಾರು ನಿಲ್ಲಲು ಎಷ್ಟು ಜಾಗ ಬೇಕು ಹೇಳಿ ನೋಡೋಣ? ಎರಡೂವರೆ ಮೀಟರ್ ಅಗಲ, 5 ಮೀಟರ್ ಉದ್ದ, ಅಷ್ಟೇ ಅಲ್ವಾ ಅನ್ನಿಸುತ್ತದೆ. ಆದರೆ ಅದು ಹಾರಿಕೊಂಡು ಬಂದು ಕೂರುವುದಿಲ್ಲ. ಒಳಗೆ ಬರಬೇಕು, ತಿರುಗಬೇಕು, ರಿವರ್ಸ್ ತಗೋಬೇಕು. ಆ ದಾರಿಯೆಲ್ಲ ಸೇರಿದರೆ ಕಾರೊಂದಕ್ಕೆ 25ರಿಂದ 30 ಚದರ ಮೀಟರ್, ಅಂದರೆ 300 ಚದರಡಿ ಆಸುಪಾಸು. ಒಬ್ಬ ಮನುಷ್ಯ ಒಲೆ, ಮಂಚ, ಬಚ್ಚಲು ಎಲ್ಲ ಇಟ್ಟುಕೊಂಡು ಬದುಕುವ ಒಂದು ರೂಮಿನ ಮನೆಯೂ ಅಷ್ಟೇ ಇರುತ್ತದೆ. ಇಷ್ಟು ಜಾಗ ಯಾರಿಗೆ? ದಿನದಲ್ಲಿ ಹೆಚ್ಚುಕಡಿಮೆ 23 ಗಂಟೆ ಸುಮ್ನೆ ನಿಂತಿರುವ ವಸ್ತುವಿಗೆ.

ಅಷ್ಟಕ್ಕೇ ಮುಗಿಯುವುದಿಲ್ಲ. ಕೆಳಗೆ ಕಾರು ತಿರುಗಬೇಕಲ್ಲ, ಹಾಗಾಗಿ ಪಿಲ್ಲರ್ ಎಲ್ಲಿ ಬರಬೇಕು ಅಂತ ತೀರ್ಮಾನ ಮಾಡುವುದೂ ಕಾರೇ. ಮೇಲಿನ ರೂಮುಗಳು ಆ ಪಿಲ್ಲರ್ ಹೇಳಿದ ಹಾಗೆ ಕೇಳಿಕೊಂಡು ಬಿದ್ದಿರಬೇಕು. ನಿಮ್ಮ ಬೆಡ್‌ರೂಮಿನ ಗೋಡೆಯಲ್ಲಿ ಬೀರು ಕೂರದ ಹಾಗೆ ಒಂದು ಪಿಲ್ಲರ್ ಮುಂದಕ್ಕೆ ಚಾಚಿಕೊಂಡಿದೆಯಾ? ನನ್ನಂಥವರನ್ನು ಬೈದುಕೊಳ್ಳಬೇಡಿ, ಮೂರು ಮಹಡಿ ಕೆಳಗೆ ಯಾರದೋ ಕಾರು ಸಲೀಸಾಗಿ ತಿರುಗುತ್ತಿದೆ.

ದುಡ್ಡಿನ ಮಾತಿಗೆ ಬರೋಣ. ಬೇಸ್‌ಮೆಂಟ್ ಅಂದರೆ ಮಣ್ಣು ತೆಗೆಯಬೇಕು, ಸುತ್ತ ದಪ್ಪ ಕಾಂಕ್ರೀಟ್ ಗೋಡೆ ನಿಲ್ಲಿಸಬೇಕು, ನೀರು ಒಸರದ ಹಾಗೆ ನೋಡಿಕೊಳ್ಳಬೇಕು, ಆದರೂ ಒಸರುತ್ತದೆ ಅಂತ ಪಂಪ್ ಇಡಬೇಕು, ಹೊಗೆ ಹೊರಹಾಕಲು ಫ್ಯಾನ್ ಹಾಕಬೇಕು. ಈ ಖರ್ಚು ಯಾವ ಬಿಲ್ಲಿನಲ್ಲೂ ಪಾರ್ಕಿಂಗ್ ಅಂತ ಕಾಣುವುದಿಲ್ಲ, ಬಾಡಿಗೆಯಲ್ಲಿ ಕರಗಿ ಹೋಗಿರುತ್ತದೆ. ಬೇಡ ಬೇಡ ಅಂದರೂ ತಟ್ಟೆಗೆ ಸುರಿದು ಆಮೇಲೆ ಬಿಲ್ ಕೊಡುವ ಹೋಟೆಲ್‌ನವನ ಲೆಕ್ಕ ಇದು. ಅಮೆರಿಕದ ಓಕ್‌ಲ್ಯಾಂಡ್ ನಗರ 1961ರಲ್ಲಿ ಹೊಸ ಮನೆಗೊಂದು ಪಾರ್ಕಿಂಗ್ ಕಡ್ಡಾಯ ಮಾಡಿತು. ಆಮೇಲೆ ಲೆಕ್ಕ ಹಾಕಿದಾಗ ಒಂದೊಂದು ಮನೆ ಕಟ್ಟುವ ಖರ್ಚು 18% ಏರಿತ್ತು, ಅಷ್ಟೇ ಜಾಗದಲ್ಲಿ ಬರುವ ಮನೆಗಳು 30% ಇಳಿದಿದ್ದವು. ನಾನು ಇವತ್ತು 16ರಲ್ಲಿ 4 ಅಳಿಸಿದೆ, 25%. ಅರವತ್ತು ವರ್ಷ ದಾಟಿದರೂ ನಾವು ಅಲ್ಲೇ ಇದ್ದೇವೆ.

ಈ ನಿಯಮಗಳು ಏನೋ ವಿಜ್ಞಾನ ಅಂತ ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಂಬಿದ್ದೆ. ಕೋಷ್ಟಕ ನೋಡಿದರೆ ಹಾಗೇ ಕಾಣುತ್ತದೆ, ಚೆಂದ ಗೆರೆ ಹಾಕಿರುತ್ತಾರೆ. ಇಂಥ ನಿಯಮ ಅಪಾರ್ಟ್‌ಮೆಂಟ್‌ಗಳಿಗೆ ಮೊದಲು ಬಂದದ್ದು 1923ರಲ್ಲಿ, ಅಮೆರಿಕದ ಕೊಲಂಬಸ್‌ನಲ್ಲಿ. ಆಮೇಲೆ ಒಂದು ಊರಿನವರು ಮಾಡಿದ್ದನ್ನು ಇನ್ನೊಂದು ಊರಿನವರು ಕಾಪಿ ಹೊಡೆದರು. ಕ್ಯಾಲಿಫೋರ್ನಿಯಾದಲ್ಲಿ ಡೊನಾಲ್ಡ್ ಶೂಪ್ ಅಂತ ಒಬ್ಬ ಪ್ರೊಫೆಸರ್ ಇದ್ದರು, 2025ರಲ್ಲಿ ತೀರಿಕೊಂಡರು. ಜೀವನಪೂರ್ತಿ ಇದನ್ನೇ ಕೆದಕಿದವರು. ಅವರು ಹೆಕ್ಕಿ ತೋರಿಸಿದ ನಿಯಮಗಳಲ್ಲಿ ಈಜುಕೊಳಕ್ಕೆ 2,500 ಗ್ಯಾಲನ್ ನೀರಿಗೊಂದು ಪಾರ್ಕಿಂಗ್, ಕಾನ್ವೆಂಟಿಗೆ 10 ಸನ್ಯಾಸಿನಿಯರಿಗೊಂದು ಪಾರ್ಕಿಂಗ್ ಅಂತೆಲ್ಲ ಇತ್ತು. ಕೊಳ ಆಳ ಮಾಡಿದರೆ ಜಾಸ್ತಿ ಜನ ಕಾರಿನಲ್ಲಿ ಬರುತ್ತಾರೆ ಅಂತ ಯಾವ ಪುಣ್ಯಾತ್ಮ ಕಂಡುಹಿಡಿದನೋ! ಎಷ್ಟೋ ಅಂಕಿಗಳ ಮೂಲ ಹುಡುಕಿದರೆ, ಪಾರ್ಕಿಂಗ್ ಫ್ರೀ ಇರುವ, ಬಸ್ಸೇ ಇಲ್ಲದ ಕಡೆ ಹೋಗಿ ಅತಿ ಹೆಚ್ಚು ಕಾರು ನಿಂತ ಹೊತ್ತಿನಲ್ಲಿ ಎಣಿಸಿಕೊಂಡು ಬಂದದ್ದು. ಅದನ್ನೇ ಊರಿಗೆಲ್ಲ ಕಡ್ಡಾಯ ಮಾಡಿದರೆ ಇಡೀ ಊರೇ ಹಾಗಾಗದೆ ಇನ್ನೇನಾಗುತ್ತದೆ?

ಇಲ್ಲಿ ಒಬ್ಬರು ಕೈ ಎತ್ತುತ್ತಾರೆ. "ಹೇಗಿದ್ದರೂ ಎಲ್ಲರ ಹತ್ತಿರ ಕಾರಿದೆ, ಜಾಗ ಕೊಡದಿದ್ದರೆ ತಂದು ರಸ್ತೆಗೆ ನಿಲ್ಲಿಸುತ್ತಾರೆ." ಗೌರವದಿಂದಲೇ ಕೇಳಿಸಿಕೊಂಡಿದ್ದೇನೆ, ನೂರು ಸಲ. ಕಾರಿದೆ ಅಂತ ಜಾಗ ಕೊಡುತ್ತಿದ್ದೇವಾ, ಜಾಗ ಇದೆ ಅಂತ ಕಾರು ಬರುತ್ತಿದೆಯಾ? ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಡಿಮೆ ದರದ ಮನೆಗಳನ್ನು ಲಾಟರಿ ಎತ್ತಿ ಹಂಚುತ್ತಾರೆ. ಯಾರಿಗೆ ಯಾವ ಕಟ್ಟಡ ಸಿಗುತ್ತದೆ ಅನ್ನುವುದು ಅದೃಷ್ಟ. ಅದನ್ನಿಟ್ಟುಕೊಂಡು ಸಂಶೋಧಕರು ನೋಡಿದಾಗ, ಪಾರ್ಕಿಂಗ್ ಜಾಸ್ತಿ ಇರುವ ಕಟ್ಟಡ ಸಿಕ್ಕವರ ಹತ್ತಿರ ಕಾರೂ ಜಾಸ್ತಿ ಇತ್ತು. ಪಾರ್ಕಿಂಗ್ ಕಡಿಮೆ ಸಿಕ್ಕವರ ಕೆಲಸ ಕಾರ್ಯಕ್ಕೇನೂ ಧಕ್ಕೆ ಆಗಿರಲಿಲ್ಲ. ಅಂದರೆ ನಾವು ಕಟ್ಟುತ್ತಿರುವುದು ಕಾರಿನ ಜಾಗ ಅಲ್ಲ, ಕಾರು ಕೊಳ್ಳಲು ಕರೆಯೋಲೆ.

ಇನ್ನು ರಸ್ತೆಗೆ ನಿಲ್ಲಿಸುತ್ತಾರೆ ಅನ್ನುವ ಮಾತು. ಈಗ ನಿಲ್ಲಿಸುತ್ತಿಲ್ಲವೇ? ಒಳಗೆ ಜಾಗ ಇಟ್ಟುಕೊಂಡೂ ಹೊರಗೆ ನಿಲ್ಲಿಸುವವರು ಬೇಕಾದಷ್ಟು ಜನ, ಯಾಕೆಂದರೆ ಹೊರಗೆ ಫ್ರೀ. ರಸ್ತೆ ಸರಿಯಾಗಬೇಕೆಂದರೆ ರಸ್ತೆಗೆ ನಿಯಮ ಮಾಡಿ, ಮನೆಗಲ್ಲ. ಜಪಾನಿನಲ್ಲಿ 1962ರಿಂದ ಇಂಥ ಕಾನೂನಿದೆ. ಕಾರು ನೋಂದಣಿ ಮಾಡಿಸಬೇಕಾದರೆ ನಿಲ್ಲಿಸಲು ಸ್ವಂತದ್ದೋ ಬಾಡಿಗೆಯದ್ದೋ ಜಾಗ ಇದೆ ಅಂತ ಪೊಲೀಸರಿಂದ ಪ್ರಮಾಣಪತ್ರ ತರಬೇಕು, ಆ ಜಾಗ ಮನೆಯಿಂದ 2 ಕಿಲೋಮೀಟರ್ ಒಳಗಿರಬೇಕು. ರಾತ್ರಿಯಿಡೀ ರಸ್ತೆಯಲ್ಲಿ ಬಿಡುವ ಹಾಗಿಲ್ಲ. ಟೋಕಿಯೋದ ಗಲ್ಲಿಗಳ ಫೋಟೋ ನೋಡಿ ಎಷ್ಟು ಚೊಕ್ಕ ಅಂತ ಲೈಕ್ ಒತ್ತುತ್ತೀರಲ್ಲ, ಅದರ ಹಿಂದೆ ಇದೂ ಇದೆ. ಅಲ್ಲಿ ಜಾಗದ ಚಿಂತೆ ಕಾರು ಕೊಳ್ಳುವವನದು. ಇಲ್ಲಿ ಮನೆ ಹುಡುಕುವವನದು. ನನ್ನ ತಕರಾರೆಲ್ಲ ಇಷ್ಟೇ, ಸುತ್ತಿ ಬಳಸಿ ಇದನ್ನೇ ಹೇಳುತ್ತಿದ್ದೇನೆ.

"ಮೊದಲು ಒಳ್ಳೆ ಬಸ್ ಬಿಡಲಿ, ಆಮೇಲೆ ನೋಡೋಣ" ಅನ್ನುವವರೂ ಇದ್ದಾರೆ. ಬಸ್ ತುಂಬಬೇಕಾದರೆ ನಿಲ್ದಾಣದ ಹತ್ತಿರ ಜನ ಇರಬೇಕಲ್ಲ ಮಾರಾಯ್ರೇ. ಆ ಜನರ ಮನೆಯನ್ನೇ ತಾನೆ ನಾನು ಇವತ್ತು ಅಳಿಸಿದ್ದು?

ನನಗೂ ಕಾರಿದೆ, ಹೇಳಿಬಿಡುತ್ತೇನೆ. ಮಳೆ ಬಂದರೆ ತೆಗೆಯುತ್ತೇನೆ, ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ, ಅದರ ಮೇಲೆ ಪ್ರೀತಿಯೂ ಇದೆ. ಆದರೆ ನಮ್ಮ ಮೇಲಿನ ಮನೆಯಲ್ಲಿ ಒಬ್ಬರು ಟೀಚರ್ ಇದ್ದಾರೆ. ಅವರಿಗೆ ಡ್ರೈವಿಂಗೇ ಬರುವುದಿಲ್ಲ. ಅವರ ಮನೆ ನಂಬರ್ ಹಳದಿ ಬಣ್ಣದಲ್ಲಿ ಬರೆದ ಜಾಗ ನನ್ನ ಕಾರಿನ ಪಕ್ಕದಲ್ಲೇ ಇದೆ. ಅದರಲ್ಲಿ ಕಾಲು ಮುರಿದ ಸೋಫಾ, ಎರಡು ಪೇಂಟ್ ಡಬ್ಬ, ಯಾರೋ ಬಿಟ್ಟು ಹೋದ ವಾಷಿಂಗ್ ಮೆಷಿನ್. ಬಾಡಿಗೆ ಇಬ್ಬರದೂ ಒಂದೇ. ಆ ಸೋಫಾ ನೋಡಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ, ಟೀಚರ್‌ಗೆ ಬರುವುದಿಲ್ಲ, ಅವರಿಗೆ ತಾನು ದುಡ್ಡು ಕೊಡುತ್ತಿದ್ದೇನೆ ಅಂತಲೇ ಗೊತ್ತಿಲ್ಲ.

ಪಾರ್ಕಿಂಗ್ ನಿಷೇಧ ಮಾಡಿ ಅಂತ ಯಾರೂ ಹೇಳುತ್ತಿಲ್ಲ, ದಯವಿಟ್ಟು ಆ ಜಗಳ ತೆಗೆಯಬೇಡಿ. ಅಂಗವಿಕಲರಿಗೆ ಮೀಸಲಿಡುವ ಜಾಗ ಇರಲಿ. ಉಳಿದದ್ದನ್ನು ಕಡ್ಡಾಯ ಮಾಡಬೇಡಿ, ಬೇಕಾದವರು ಬೇಕಾದಷ್ಟು ಕಟ್ಟಿಕೊಳ್ಳಲಿ, ಮನೆಯ ಜೊತೆ ಗಂಟು ಹಾಕದೆ ಬೇರೆಯಾಗಿ ಮಾರಲಿ, ಬಾಡಿಗೆಗೆ ಕೊಡಲಿ. ಅಮೆರಿಕದ ಬಫಲೋ ನಗರ 2017ರಲ್ಲಿ ಇಡೀ ಊರಿಗೇ ಕಡ್ಡಾಯ ತೆಗೆದುಹಾಕಿತು. ಆಮೇಲೆ ಬಂದ ದೊಡ್ಡ ಕಟ್ಟಡಗಳಲ್ಲಿ ಸುಮಾರು ಅರ್ಧ ಹಳೆ ನಿಯಮಕ್ಕಿಂತ ಕಡಿಮೆ ಜಾಗ ಇಟ್ಟವು. ಉಳಿದರ್ಧ ಅಷ್ಟೇ, ಇಲ್ಲಾ ಇನ್ನೂ ಜಾಸ್ತಿ ಇಟ್ಟವು. ಆಕಾಶ ಕಳಚಿ ಬೀಳಲಿಲ್ಲ. ಲಂಡನ್ 2004ರಲ್ಲಿ ಕನಿಷ್ಠದ ಬದಲು ಗರಿಷ್ಠ ಮಿತಿ ತಂದಾಗ ಹೊಸ ಕಟ್ಟಡಗಳ ಪಾರ್ಕಿಂಗ್ ಸುಮಾರು 40% ಕಡಿಮೆಯಾಯಿತು. ಅಂದರೆ ಅಷ್ಟು ದಿನ ಕಟ್ಟಿದ್ದರಲ್ಲಿ ಎಷ್ಟೋ ಜಾಗ ಯಾರೂ ಕೇಳಿರಲೇ ಇಲ್ಲ.

ಜೊತೆಗೆ ರಸ್ತೆಗೆ ಪಾರ್ಕಿಂಗ್ ಮೀಟರ್ ಹಾಕಿ, ಕಾರು ನಿಲ್ಲಿಸಿದಷ್ಟು ಹೊತ್ತಿಗೆ ದುಡ್ಡು ತಗೊಳ್ಳಿ. ಹೌದು, ನನ್ನ ರಸ್ತೆಗೂ. ಕ್ಯಾಲಿಫೋರ್ನಿಯಾದ ಪಾಸಡೀನಾ ಊರಿನ ಹಳೇ ಪೇಟೆಯಲ್ಲಿ 1993ರಲ್ಲಿ ಹೀಗೆ ಮೀಟರ್ ಹಾಕಿದಾಗ ಅಂಗಡಿಯವರು ಮೊದಲು ಒಪ್ಪಿರಲಿಲ್ಲ. ಬಂದ ದುಡ್ಡನ್ನು ಇದೇ ರಸ್ತೆಗಳ ಫುಟ್‌ಪಾತ್, ದೀಪ, ಮರಗಳಿಗೆ ಖರ್ಚು ಮಾಡುತ್ತೇವೆ ಅಂದ ಮೇಲೆ ಒಪ್ಪಿದರು. ದುಡ್ಡು ಎಲ್ಲಿ ಹೋಗುತ್ತದೆ ಅಂತ ಕಣ್ಣಿಗೆ ಕಂಡರೆ ಜನ ಅಷ್ಟೊಂದು ಕೆಟ್ಟವರಲ್ಲ.

ಈಗ ಕಾಮೆಂಟಿನಲ್ಲಿ ಒಬ್ಬರು "ಮೊದಲು ನಿನ್ನ ಕಾರು ಮಾರು" ಅಂತ ಬರೆಯುತ್ತಾರೆ, ಅವರು ಯಾರು ಅಂತಲೂ ನನಗೆ ಗೊತ್ತು. ಮಾರುವುದಿಲ್ಲ ಸ್ವಾಮಿ. ಅದು ನಿಲ್ಲುವ ಜಾಗದ ಬಾಡಿಗೆ ಎಷ್ಟು ಅಂತ ಬೇರೆ ಚೀಟಿಯಲ್ಲಿ ಬರೆದು ಕಳಿಸಿ, ತಿಂಗಳ ಮೊದಲ ವಾರದಲ್ಲೇ ಕಟ್ಟುತ್ತೇನೆ, ಗೊಣಗಿಕೊಂಡೇ ಕಟ್ಟುತ್ತೇನೆ. ಟೀಚರ್ ಹತ್ತಿರ ಮಾತ್ರ ವಸೂಲಿ ಮಾಡಬೇಡಿ.