ಸೈನ್ ಚೆನ್ನಾಗಿದೆ, ಅದಕ್ಕೇ ದುಡ್ಡಿಲ್ಲ

ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಅಕ್ಕನ ಸಹಿ ಈಗ ತುಂಬಾ ಚೆನ್ನಾಗಿದೆ. ತೊಂದರೆ ಶುರುವಾಗಿದ್ದೇ ಅದರಿಂದ.

ಬ್ಯಾಂಕಿನಲ್ಲಿ ಖಾತೆ ತೆರೆದಾಗ ಅವರು ಅಕ್ಷರ ಕಲಿಯಲು ಶುರು ಮಾಡಿ ಎರಡು ತಿಂಗಳಾಗಿತ್ತಷ್ಟೇ. ಅವತ್ತು ಫಾರ್ಮಿನಲ್ಲಿ ಹಾಕಿದ ಸಹಿಯಲ್ಲಿ ಮೂರನೇ ಅಕ್ಷರ ಮೊದಲ ಎರಡರ ಜೊತೆ ಮುನಿಸಿಕೊಂಡ ಹಾಗೆ ದೂರ ನಿಂತಿತ್ತು. ಒತ್ತಕ್ಷರ ಚೌಕದಿಂದ ಹೊರಗೆ ಬಿದ್ದಿತ್ತು. ಆಮೇಲೆ ಅಕ್ಕ ಬಿಡಲಿಲ್ಲ. ಹಳೇ ಕ್ಯಾಲೆಂಡರಿನ ಹಿಂದೆ, ನಮ್ಮನೆ ಪೇಪರಿನ ಅಂಚಿನಲ್ಲಿ, ಸಿಕ್ಕಿದಲ್ಲೆಲ್ಲ ಹೆಸರು ಬರೆದರು. ಈಗ ಅಕ್ಷರ ಮುತ್ತು ಪೋಣಿಸಿದ ಹಾಗಿದೆ.

ಮೊನ್ನೆ ಗೃಹಲಕ್ಷ್ಮಿಯ 2,000 ರೂಪಾಯಿ ತೆಗೆಯಲು ಹೋದರು. ಜೊತೆಗೆ ನಾನೂ ಇದ್ದೆ. ಕೌಂಟರಿನವರು ಚೀಟಿ ನೋಡಿದರು, ಕಂಪ್ಯೂಟರ್ ನೋಡಿದರು, ಮತ್ತೆ ಚೀಟಿ ನೋಡಿದರು.

"ಸೈನ್ ಮ್ಯಾಚ್ ಆಗ್ತಿಲ್ಲಮ್ಮ."

"ನಂದೇ ಸಾರ್ ಅದು."

"ಇಲ್ಲಿ ಹೆಂಗಿದೆಯೋ ಹಂಗೇ ಹಾಕಿ."

ಅಂದರೆ, ಮೊದಲಿನಷ್ಟೇ ಕೆಟ್ಟದಾಗಿ ಬರೆಯಬೇಕು. ಅಕ್ಕ ಪ್ರಯತ್ನಪಟ್ಟರು. ಪಾಪ, ಎಷ್ಟು ಸೊಟ್ಟ ಮಾಡಿದರೂ ಹಳೇ ಸೊಟ್ಟ ಬರಲಿಲ್ಲ. ಮೂರು ಚೀಟಿ ಹಾಳಾಯಿತು. ಕಲಿಸೋಕೆ ಇಷ್ಟೊಂದು ಯೋಜನೆ ಮಾಡಿದ ಸರ್ಕಾರ, ಕಲಿತದ್ದನ್ನು ಬ್ಯಾಂಕ್ ಕೆಲಸದ ಮಟ್ಟಿಗೆ ಮರೆಸೋಕೂ ಒಂದು ಸಂಜೆ ಕ್ಲಾಸ್ ಇಡಬಾರದಾ?

"ಹೋಗ್ಲಿ ಬಿಡಿ, ಥಂಬ್ ಕೊಡಿ" ಅಂದರು ಅವರು.

ಇದನ್ನು ಕೇಳಿ ನನಗೆ ತಲೆ ತಿರುಗಿತು. ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾಗಿದ್ದು 1988ರಲ್ಲಿ. ಆಮೇಲೆ ಊರೂರಲ್ಲಿ ಜಾಥಾ, ಬೀದಿ ನಾಟಕ, ಗೋಡೆ ಬರಹ. ಎಲ್ಲದರ ಒಟ್ಟು ಮಾತು ಒಂದೇ: ಹೆಬ್ಬೆಟ್ಟು ಒತ್ತೋದು ಅವಮಾನ. ಇವತ್ತಿಗೂ ಯಾರನ್ನಾದರೂ ಬೈಯಬೇಕಾದರೆ "ಅವನೊಬ್ಬ ಹೆಬ್ಬೆಟ್ಟು" ಅಂತೀವಿ, ಅಲ್ವಾ? ಅವಮಾನ ತಪ್ಪಲಿ ಅಂತಲೇ ಅಕ್ಕ ನಾಲ್ಕು ಮನೆ ಕೆಲಸ ಮುಗಿಸಿ, ಸುಸ್ತಾದ ಕೈಯಲ್ಲಿ ಪೆನ್ಸಿಲ್ ಹಿಡಿದಿದ್ದು. ಅವರು ಇನ್ನೇನು ದಡ ಸೇರಬೇಕು, ಅಷ್ಟರಲ್ಲಿ 2010ರಲ್ಲಿ ಮಹಾರಾಷ್ಟ್ರದ ತೆಂಭ್ಲಿ ಅನ್ನೋ ಹಳ್ಳಿಯಲ್ಲಿ ಮೊದಲ ಆಧಾರ್ ನಂಬರ್ ಕೊಟ್ಟರು. ದಡವೇ ಆಚೆ ಹೋಯಿತು. ಈಗ ರೇಷನ್ ಅಕ್ಕಿಗೆ ಹೆಬ್ಬೆಟ್ಟು, ಸಿಮ್ಮಿಗೆ ಹೆಬ್ಬೆಟ್ಟು. ಡಾಕ್ಟರೇಟ್ ಮಾಡಿದ ಪ್ರೊಫೆಸರೂ ಬೆಳಿಗ್ಗೆ ಹಾಜರಿಗೆ ಬೆರಳು ಒತ್ತಿಯೇ ಪಾಠಕ್ಕೆ ಹೋಗೋದು.

ಹಾಗೆ ನೋಡಿದರೆ ಬ್ರಿಟಿಷ್ ಸಾಹೇಬರಿಗೆ ಅಚ್ಚು ಒತ್ತಿಸೋ ಚಾಳಿ ಹತ್ತಿದ್ದು ಓದು ಬಾರದವರಿಗಾಗಿ ಅಲ್ಲವೇ ಅಲ್ಲ. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ಒಬ್ಬ ಗುತ್ತಿಗೆದಾರನಿಂದ ಕರಾರು ಪತ್ರದ ಮೇಲೆ ಅಂಗೈ ಅಚ್ಚು ಹಾಕಿಸಿಕೊಂಡ. ನಾಳೆ "ಈ ಸಹಿ ನಂದಲ್ಲ" ಅಂದುಬಿಟ್ಟಾನು ಅನ್ನೋ ಅನುಮಾನ, ಅಷ್ಟೇ. ಸಾಹೇಬ ಹೋದ, ಅನುಮಾನ ಕೌಂಟರಿನಲ್ಲೇ ಕೂತಿದೆ.

ಸರಿ, ಅಕ್ಕ ಹೆಬ್ಬೆಟ್ಟು ಒತ್ತಿದರು. ಮೆಶಿನ್ ಕೆಂಪಾಯಿತು. ಒರೆಸಿ ಒತ್ತಿದರು. ಕೆಂಪು. "ತಲೆಗೆ ಸ್ವಲ್ಪ ಉಜ್ಜಿ, ಎಣ್ಣೆ ಅಂಟಲಿ" ಅಂದ ಮೆಶಿನ್ ಹಿಡಿದಿದ್ದ ಹುಡುಗ. ಉಜ್ಜಿದರು. ಮತ್ತೆ ಕೆಂಪು. ವರ್ಷಗಟ್ಟಲೆ ಸೋಪಿನ ಪುಡಿ, ತಂತಿ ನಾರು ಹಿಡಿದು ಊರವರ ಪಾತ್ರೆ ತಿಕ್ಕಿದ ಬೆರಳು ಅದು. ಗೆರೆ ಎಲ್ಲಿಂದ ಬರಬೇಕು? ಅದರಲ್ಲಿ ಕೆಲವು ಗೆರೆ ನಮ್ಮನೆ ಬಾಣಲೆಗೂ ಹೋಗಿವೆ, ಅದನ್ನು ನಾನು ಅಲ್ಲಿ ಬಾಯಿ ಬಿಟ್ಟು ಹೇಳಲಿಲ್ಲ. ಅಕ್ಷರ ಇಲ್ಲದ ಕಾಲದಲ್ಲಿ ಬೆರಳಿಗೆ ಗೆರೆ ಇತ್ತು, ಅಕ್ಷರ ಬರೋ ಹೊತ್ತಿಗೆ ಗೆರೆ ಹೋಗಿತ್ತು.

ಇನ್ನು ಉಳಿದಿದ್ದು ಓಟಿಪಿ. ಅದು ಬರೋದು ಮಗನ ಫೋನಿಗೆ. ಮಗ ಡೆಲಿವರಿ ಕೆಲಸದಲ್ಲಿ ಎಲ್ಲೋ ಸಿಗ್ನಲ್‌ನಲ್ಲಿ ನಿಂತಿದ್ದಾನೆ. ಬಂದರೂ ಇಂಗ್ಲಿಷಿನಲ್ಲೇ ಬರುತ್ತೆ: "ಡಿಯರ್ ಕಸ್ಟಮರ್". ಅಕ್ಕ ಕಲಿತಿದ್ದು ಕನ್ನಡ.

ಜನಗಣತಿ ಪ್ರಕಾರ, ಏಳು ವರ್ಷ ತುಂಬಿದವರು ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಿ ಬರೆದರೆ ಸಾಕ್ಷರರು. 2011ರ ಲೆಕ್ಕದಲ್ಲಿ ಕರ್ನಾಟಕದ ಹೆಂಗಸರಲ್ಲಿ ಅಂಥವರು ಶೇ. 68. ಅದರಲ್ಲಿ "ಅರ್ಥ ಮಾಡಿಕೊಂಡು" ಅನ್ನೋದು ಸ್ವಲ್ಪ ಜಾಸ್ತಿ ಆಯಿತೇನೋ. ಹೋದ ವರ್ಷ ಅಕ್ಕ ತಮ್ಮ ಸಂಘದ ಸಾಲದ ಕಾಗದ ತಂದು "ಓದಿ ಹೇಳಿ ಅಣ್ಣಾ" ಅಂದಿದ್ದರು. ಪೂರಾ ಇಂಗ್ಲಿಷು, ಇರುವೆ ಸಾಲಿನಂಥ ಅಕ್ಷರ. ಎಂ.ಎ. ಓದಿದ ನಾನು ಅರ್ಧ ಪುಟ ಗಟ್ಟಿಯಾಗಿ ಓದಿದೆ. "ಹಂಗಂದ್ರೇನು?" ಅಂದರು. ನನಗೂ ಗೊತ್ತಾಗಲಿಲ್ಲ. ಕೊನೆಗೆ ಸಾಲ ಕೊಡುವವರು ಪೆನ್ಸಿಲಿನಲ್ಲಿ ಟಿಕ್ ಹಾಕಿದ್ದ ಕಡೆಯೆಲ್ಲ ಸಹಿ ಹಾಕಿ ಎಂದೆ. ನಾನೂ ನನ್ನ ಮನೆ ಸಾಲಕ್ಕೆ ಹಾಗೇ ಹಾಕಿದ್ದು. ಅದೇ ಸಂಘದ ಹದಿನೆಂಟು ಹೆಂಗಸರ ವಾರದ ಕಂತಿನ ಲೆಕ್ಕ ಅಕ್ಕನ ಅಡುಗೆಮನೆ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಗೀಟು ಗೀಟಾಗಿ ಇದೆ. ಇವತ್ತಿನವರೆಗೆ ಒಂದು ರೂಪಾಯಿ ತಪ್ಪಿಲ್ಲ. ಆದರೆ ಗೀಟನ್ನು ಯಾವ ಗಣತಿಯವರೂ ಓದಲ್ಲ.

ಬ್ಯಾಂಕಿಗೆ ಬರೋಣ. ಕೌಂಟರಿನವರು ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಏನೋ ಗೀಚಿ, ಕೆಳಗೆ ತಮ್ಮ ಸಹಿ ಎಳೆದು, "ಹೊಸ ಸೈನ್ ಅಪ್‌ಡೇಟ್ ಮಾಡಿಸಿ, ಸೋಮವಾರ ಬನ್ನಿ" ಎಂದು ವಾಪಸ್ ಕೊಟ್ಟರು. ಸೋಮವಾರ ಅಂದರೆ ಅಕ್ಕನಿಗೆ ಎರಡು ಮನೆ ರಜ, ಅದರ ಸಂಬಳ ಕಟ್.

ಅಕ್ಕ ಚೀಟಿ ಇಸಿದುಕೊಂಡು ಆ ಸಹಿಯನ್ನೇ ನೋಡಿದರು. ಉದ್ದಕ್ಕೆ ಒಂದು ಗೆರೆ, ಕೊನೆಗೊಂದು ಸುರುಳಿ, ಕೆಳಗೆ ಎರಡು ಚುಕ್ಕಿ. ತಿರುಗಿಸಿ ನೋಡಿದರು. ಬೆಳಕಿಗೆ ಹಿಡಿದರು. ಆಮೇಲೆ ತುಂಬಾ ಮೆತ್ತಗೆ ಕೇಳಿದರು:

"ಸಾರ್, ಇದ್ರಲ್ಲಿ ಒಂದಕ್ಷರಾನೂ ಇಲ್ವಲ್ಲ. ನಮ್ ಕ್ಲಾಸು ಸಾಯಂಕಾಲ ಆರಕ್ಕೆ, ಬರ್ತೀರಾ?"