ಸಾಲು ಹುಟ್ಟಿಸಿದವರೇ ಸಾಲು ತಪ್ಪಿಸುವ ಚೀಟಿ ಮಾರಿದರು

ನಮ್ಮ ಪಾರ್ಕಿನ ವಾರ್ಷಿಕೋತ್ಸವಕ್ಕೆ ಬನ್ನಿ ಎಂದು ಕರೆದವರು ಆ ಮನರಂಜನಾ ಪಾರ್ಕಿನವರೇ. ನೀವೆಲ್ಲ ನಮ್ಮ ಕುಟುಂಬದವರು, ಶಾಲಾ ಪ್ರವಾಸದ ಹಳೆಯ ಫೋಟೊ ಇದ್ದರೆ ತನ್ನಿ, ಹಳೆಯ ಟಿಕೆಟ್ ಇದ್ದರೆ ತನ್ನಿ, ನೆನಪಿನ ಗೋಡೆ ಕಟ್ಟುತ್ತೇವೆ ಎಂದು ವಾರಗಟ್ಟಲೆ ಮೊಬೈಲಿಗೆ ಸಂದೇಶ ಕಳುಹಿಸಿದವರೂ ಅವರೇ. ನಂಬಿ ಹೋದೆವು. ಬಿಸಿಲಲ್ಲಿ ಬೆಂದು, ದುಡ್ಡು ಸುರಿದು, ಅರ್ಧದಷ್ಟು ಆಟಗಳನ್ನೂ ಆಡದೆ, ಅಳುವ ಮಕ್ಕಳನ್ನು ಎತ್ತಿಕೊಂಡು ಮನೆಗೆ ಬಂದೆವು. ಇನ್ನೂ ನನ್ನ ಹೊಟ್ಟೆಯುರಿ ತಣ್ಣಗಾಗಿಲ್ಲ.

ಪಾರ್ಕಿನ ಹೆಸರು ಬರೆಯುವುದಿಲ್ಲ. ದೂರು ಕೊಟ್ಟಿದ್ದೇನೆ, ಅದು ಮೊದಲು ಇತ್ಯರ್ಥವಾಗಲಿ. ಆ ದಿನ ಅಲ್ಲಿದ್ದವರಿಗೆ ಯಾವ ಪಾರ್ಕ್ ಎಂದು ಹೇಳಬೇಕಾಗಿಲ್ಲ.

ಇದು ಮನರಂಜನಾ ಪಾರ್ಕುಗಳನ್ನು ಕಂಡರಾಗದವನ ಗೊಣಗಾಟ ಎಂದು ಯಾರೂ ತಿಳಿಯಬಾರದು. ಆ ಜಾಗದ ಮೇಲೆ ನನಗೆ ಪ್ರೀತಿ ಇದೆ. ಯಾವ ಆಟ ಯಾವ ವರ್ಷ ಬಂತು, ರೋಲರ್ ಕೋಸ್ಟರಿನ ಕಂಬಗಳಿಗೆ ಮೊದಲು ಯಾವ ಬಣ್ಣವಿತ್ತು, ವೇವ್ ಪೂಲಿನ ಗಂಟೆ ಹೊಡೆದ ಮೇಲೆ ಅಲೆ ಏಳಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನೆಲ್ಲ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲ ಅಭಿಮಾನಿಗಳು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ನಮ್ಮ ದೇಶದಲ್ಲಿ ಇಂಥ ಪಾರ್ಕುಗಳು ಬಾಳುವುದೇ ಕಷ್ಟ. ದೆಹಲಿಯ ಅಪ್ಪು ಘರ್ 1984ರಲ್ಲಿ ಶುರುವಾಗಿ 2008ರಲ್ಲಿ ಮುಚ್ಚಿಯೇ ಹೋಯಿತು. ಹಾಗಿರುವಾಗ ಒಂದು ಪಾರ್ಕ್ ಇಷ್ಟು ವರ್ಷ ಉಳಿದುಕೊಂಡಿದೆ ಎಂದರೆ ಅದು ನಿಜವಾಗಿಯೂ ಹಬ್ಬ ಮಾಡಬೇಕಾದ ಸಂಗತಿ. ಆ ಹಬ್ಬಕ್ಕೆ ಮೈಸೂರಿನಿಂದ, ಹಾಸನದಿಂದ, ದಾವಣಗೆರೆಯಿಂದ ಜನ ರಾತ್ರಿ ಬಸ್ ಹತ್ತಿ ಬಂದಿದ್ದರು. ಅವರಿಗೆಲ್ಲ ಸಿಕ್ಕಿದ್ದೇನು?

ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಸಾಲು ಹೆದ್ದಾರಿಯವರೆಗೆ ಬೆಳೆದಿತ್ತು. ಜನ ಸೇರಿದ್ದಕ್ಕೆ ನನ್ನ ತಕರಾರಿಲ್ಲ. ಹಬ್ಬವೆಂದ ಮೇಲೆ ಜನ ಸೇರುತ್ತಾರೆ. ಆದರೆ ಟಿಕೆಟ್ ಮಾರಿದ್ದು ಆನ್‌ಲೈನಿನಲ್ಲಿ, ವಾರಗಳ ಮೊದಲು. ಯಾವ ದಿನಕ್ಕೆ ಎಷ್ಟು ಮಂದಿ ಬರುತ್ತಾರೆ ಎಂಬುದು ಅವರ ಕಂಪ್ಯೂಟರಿನಲ್ಲಿ ಕುಳಿತಿತ್ತು. ಒಂದು ಮಿತಿ ಹಾಕಿ ಮಾರಾಟ ನಿಲ್ಲಿಸುವುದು ಒಂದು ಗುಂಡಿ ಒತ್ತಿದಷ್ಟೇ ಸುಲಭ. ನಿಲ್ಲಿಸಲಿಲ್ಲ. ಹಿಂದಿನ ದಿನ ಸಂಜೆಯವರೆಗೂ ‘ಬೇಗ ಕಾಯ್ದಿರಿಸಿ’ ಎಂಬ ಸಂದೇಶ ಬರುತ್ತಲೇ ಇತ್ತು.

ಒಳಗೆ ಹೋದ ಮೇಲೆ ನೋಡಿದರೆ, ದೊಡ್ಡ ರೋಲರ್ ಕೋಸ್ಟರಿನಲ್ಲಿ ಒಂದೇ ರೈಲು ಓಡುತ್ತಿತ್ತು. ಅದಕ್ಕೆ ಎರಡು ರೈಲುಗಳಿವೆ ಎಂಬುದು ನಮಗೆಲ್ಲ ಗೊತ್ತು. ಎರಡನೆಯದು ಪಕ್ಕದ ಹಳಿಯ ಮೇಲೆ ನೀಲಿ ಟಾರ್ಪಾಲಿನ್ ಹೊದ್ದು ಮಲಗಿತ್ತು. ಲೆಕ್ಕ ಬಹಳ ಸರಳ. ರೈಲಿಗೆ 24 ಮಂದಿ, ಎರಡು ನಿಮಿಷಕ್ಕೊಂದು ರೈಲು ಹೊರಟರೆ ಗಂಟೆಗೆ 720 ಮಂದಿ. ಒಂದೇ ರೈಲು ಹೋಗಿ, ಸುತ್ತಿ ಬಂದು, ಜನರನ್ನು ಇಳಿಸಿ, ಮತ್ತೆ ಹತ್ತಿಸಿಕೊಂಡು ನಾಲ್ಕು ನಿಮಿಷಕ್ಕೊಮ್ಮೆ ಹೊರಟರೆ 360. ವರ್ಷದಲ್ಲೇ ಅತಿ ಹೆಚ್ಚು ಜನ ಬರುವ ದಿನ ಆಟದ ಸಾಮರ್ಥ್ಯವನ್ನು ಅರ್ಧಕ್ಕೆ ಇಳಿಸಿದ್ದರು. ಯಾಕೆ ಎಂದು ಅಲ್ಲಿನ ಹುಡುಗನನ್ನು ಕೇಳಿದರೆ, ಪಾಪ, ಅವನಿಗೂ ಗೊತ್ತಿಲ್ಲ. ಬೆಳಗ್ಗೆಯಿಂದ ಬೈಸಿಕೊಂಡು ಅವನ ಮುಖ ಬಾಡಿಹೋಗಿತ್ತು. ಅವನ ಮೇಲೆ ಕೂಗಾಡಿದವರ ಬಗ್ಗೆಯೂ ನನಗೆ ಬೇಸರವಿದೆ. ಆ ಕೂಗು ಕೇಳಬೇಕಾಗಿದ್ದ ಕಿವಿಗಳು ಹವಾನಿಯಂತ್ರಿತ ಕೋಣೆಯಲ್ಲಿದ್ದವು.

ಇಷ್ಟಾದ ಮೇಲೆ ಶುರುವಾಯಿತು ನೋಡಿ ನಿಜವಾದ ವ್ಯಾಪಾರ. ಮಧ್ಯಾಹ್ನದ ಹೊತ್ತಿಗೆ ಸಾಲಿನ ಉದ್ದಕ್ಕೂ ಬಣ್ಣದ ಟೀ ಶರ್ಟ್ ತೊಟ್ಟವರು ಬಂದು, ಟಿಕೆಟಿನಷ್ಟೇ ಬೆಲೆಯ ಇನ್ನೊಂದು ಕೈಪಟ್ಟಿ ಕೊಂಡರೆ ಕಾಯುವ ಅಗತ್ಯವಿಲ್ಲ ಎಂದು ಮಾರತೊಡಗಿದರು. ನೆರಳಿಲ್ಲದ ಕಡೆ ನಿಂತು, ಮಗು ರಚ್ಚೆ ಹಿಡಿದಿರುವಾಗ, ಅಪ್ಪ ಅಮ್ಮಂದಿರ ಮುಖದ ಎದುರೇ ಕಾರ್ಡ್ ಯಂತ್ರ ಹಿಡಿಯುವುದು ಯಾವ ಸೀಮೆಯ ಆತಿಥ್ಯ? ನಾಲ್ಕು ಜನರ ಕುಟುಂಬ ಎಂದರೆ ಆ ಪಟ್ಟಿಗಳಿಗೇ ಒಂದು ತಿಂಗಳ ದಿನಸಿಯ ಹಣ. ಕೊಂಡವರು ಕೊಂಡರು. ಕೊಳ್ಳದವರ ಪಾಡು ಇನ್ನಷ್ಟು ಕೆಟ್ಟಿತು, ಏಕೆಂದರೆ ಹತ್ತುವ ಜಾಗದಲ್ಲಿ ಎರಡು ಗೇಟುಗಳಿದ್ದವು. ಹಣ ಕೊಟ್ಟವರ ಗೇಟಿನಿಂದ ಇಪ್ಪತ್ತು ಮಂದಿಯನ್ನು ಬಿಟ್ಟು, ಉಳಿದ ನಾಲ್ಕು ಸೀಟಿಗೆ ನಮ್ಮ ಗೇಟು ತೆರೆಯುತ್ತಿದ್ದರು. ಮತ್ತೆ ಇಪ್ಪತ್ತು, ಮತ್ತೆ ನಾಲ್ಕು. ನನ್ನ ಮುಂದೆ ನಿಂತಿದ್ದ ಹುಡುಗಿ ಪ್ರತಿ ಸಲ ಗೇಟು ಮುಚ್ಚಿದಾಗಲೂ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದಳು. ಅವಳ ಸರದಿ ಬರುವ ಮೊದಲೇ ‘ತಾಂತ್ರಿಕ ಕಾರಣ’ ಎಂದು ಹೇಳಿ ಆಟ ನಿಲ್ಲಿಸಿದರು.

ಸಾಲು ಉದ್ದವಾದಷ್ಟೂ ಕೈಪಟ್ಟಿಯ ಮಾರಾಟ ಹೆಚ್ಚು. ಇದು ತಲೆಗೆ ಹೊಳೆದ ಕ್ಷಣದಿಂದ ನನಗೆ ಆ ಟಾರ್ಪಾಲಿನ್ ಹೊದ್ದ ರೈಲನ್ನು ಬೇರೆ ರೀತಿ ನೋಡಲು ಆಗುತ್ತಿಲ್ಲ. ಬೇಕೆಂದೇ ಮಾಡಿದರು ಎನ್ನಲು ನನ್ನ ಬಳಿ ಪುರಾವೆ ಇಲ್ಲ. ಆದರೆ ಸಾಲು ಕಡಿಮೆ ಮಾಡಿದರೆ ನಷ್ಟವಾಗುವಂಥ ವ್ಯವಸ್ಥೆ ಕಟ್ಟಿಕೊಂಡವರು ಸಾಲು ಕಡಿಮೆ ಮಾಡಲು ಮೈ ಬಗ್ಗಿಸಿ ದುಡಿಯುತ್ತಾರೆ ಎಂದು ನಂಬುವುದು ಹೇಗೆ?

ಈ ಪಾಠವನ್ನು ಎಲ್ಲಿಂದ ಕಲಿತರು ಎಂಬುದೂ ಗೊತ್ತಿರುವ ವಿಷಯವೇ. ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ 1999ರಿಂದ ಫಾಸ್ಟ್‌ಪಾಸ್ ಎಂಬುದೊಂದಿತ್ತು. ಯಂತ್ರದಲ್ಲಿ ಟಿಕೆಟ್ ತೋರಿಸಿ ಒಂದು ಸಮಯ ಪಡೆದುಕೊಂಡರೆ, ಆ ಹೊತ್ತಿಗೆ ಬಂದು ಬೇಗ ಆಟ ಹತ್ತಬಹುದಿತ್ತು. ಅದಕ್ಕೆ ಬೇರೆ ಹಣವಿರಲಿಲ್ಲ. ಬಡವನಿಗೂ ಸಾಹುಕಾರನಿಗೂ ಒಂದೇ ನಿಯಮ. ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ ತೆರೆದದ್ದು 1971ರ ಅಕ್ಟೋಬರ್ 1ರಂದು. ಅದರ 50ನೇ ವರ್ಷದ ಸಂಭ್ರಮ ಸರಿಯಾಗಿ 2021ರ ಅಕ್ಟೋಬರ್ 1ಕ್ಕೆ ಆರಂಭವಾಯಿತು. ಕೋವಿಡ್ ಕಾಲದಲ್ಲಿ ನಿಲ್ಲಿಸಿದ್ದ ಆ ಉಚಿತ ಸೌಲಭ್ಯವನ್ನು ಮರಳಿ ತರದೆ, ಅದೇ ತಿಂಗಳ 19ರಿಂದ ದಿನಕ್ಕೆ ತಲೆಗೆ 15 ಡಾಲರಿನ ಹೊಸ ವ್ಯವಸ್ಥೆಯನ್ನು ತಂದರು. ಅತಿ ಬೇಡಿಕೆಯ ಆಟಗಳಿಗೆ ಅದೂ ಸಾಲದು, ಬೇರೆಯೇ ಹಣ. ಐವತ್ತನೆಯ ಹುಟ್ಟುಹಬ್ಬಕ್ಕೆ ಅಭಿಮಾನಿಗಳಿಗೆ ಸಿಕ್ಕ ಉಡುಗೊರೆ ಇದು. ಅಲ್ಲಿನವರು ಆಗ ಸಿಟ್ಟಾಗಿದ್ದರಲ್ಲಿ ಯಾವ ತಪ್ಪೂ ಇಲ್ಲ ಎಂದು ಈಗ ನನಗೆ ಚೆನ್ನಾಗಿ ಅರ್ಥವಾಗಿದೆ.

ನೀರಿನ ವಿಷಯಕ್ಕೆ ಬರುತ್ತೇನೆ. ಹೊರಗಿನ ಬಾಟಲಿಯನ್ನು ಬಾಗಿಲಲ್ಲೇ ಕಿತ್ತಿಟ್ಟುಕೊಂಡರು. ಒಳಗೆ ಕುಡಿಯುವ ನೀರಿನ ನಲ್ಲಿಗಳಲ್ಲಿ ಮಧ್ಯಾಹ್ನಕ್ಕೆ ನೀರು ನಿಂತಿತು. ಮಾರುವ ಬಾಟಲಿಗೂ ಉದ್ದ ಸಾಲು. ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ 1955ರ ಜುಲೈ 17ರಂದು ಮೊದಲ ಡಿಸ್ನಿಲ್ಯಾಂಡ್ ತೆರೆದಾಗಲೂ ಕುಡಿಯುವ ನೀರಿಗೆ ತತ್ವಾರವಾಗಿತ್ತು. ಆದರೆ ಆಗ ಪ್ಲಂಬರುಗಳ ಮುಷ್ಕರ ನಡೆದಿತ್ತು, ನಕಲಿ ಟಿಕೆಟ್ ಹಿಡಿದು ಬಂದವರೂ ಸೇರಿ ಕರೆದದ್ದಕ್ಕಿಂತ ಎಷ್ಟೋ ಹೆಚ್ಚು ಜನ ನುಗ್ಗಿದ್ದರು, ಹೊಸದಾಗಿ ಹಾಕಿದ ಡಾಂಬರು ಬಿಸಿಲಿಗೆ ಕರಗಿ ಹೆಂಗಸರ ಚಪ್ಪಲಿಗೆ ಅಂಟುತ್ತಿತ್ತು. ಅದು ಮೊದಲ ದಿನ. ಪಾರ್ಕ್ ನಡೆಸುವುದು ಹೇಗೆಂದು ಅವರಿನ್ನೂ ಕಲಿಯುತ್ತಿದ್ದರು. ನಮ್ಮ ಪಾರ್ಕಿನವರಿಗೆ ನಕಲಿ ಟಿಕೆಟಿನ ಕಾಟವಿರಲಿಲ್ಲ, ಮುಷ್ಕರವೂ ಇರಲಿಲ್ಲ. ಇಷ್ಟು ವರ್ಷ ನಡೆಸಿದ ಅನುಭವ ಮಾತ್ರ ಇತ್ತು. ಆದರೂ ನಲ್ಲಿಯಲ್ಲಿ ನೀರಿಲ್ಲ.

ವಾರ್ಷಿಕೋತ್ಸವದ ಪದಕದ ಕಥೆ ಕೇಳಿ. ಹಿತ್ತಾಳೆಯದು, ಜಯಂಟ್ ವೀಲಿನ ಚಿತ್ರವಿದ್ದದ್ದು, ಸೊಗಸಾಗಿತ್ತು. ಒಬ್ಬರಿಗೆ ಇಷ್ಟೇ ಎಂಬ ಮಿತಿ ಹಾಕಿರಲಿಲ್ಲ. ಆಟದ ಕಡೆ ತಲೆ ಎತ್ತಿಯೂ ನೋಡದ ಕೆಲವರು ಚೀಲ ತಂದು ಡಜನ್‌ಗಟ್ಟಲೆ ಕೊಂಡು ಹೊರಟರು. ಸಂಜೆಯ ಹೊತ್ತಿಗೆ ಅದೇ ಪದಕ ಅಂತರ್ಜಾಲದಲ್ಲಿ ಮೂರು ಪಟ್ಟು ಬೆಲೆಗೆ ಮಾರಾಟಕ್ಕಿತ್ತು. ಹಳೆಯ ಟಿಕೆಟುಗಳನ್ನು ಜೋಪಾನವಾಗಿ ಇಟ್ಟುಕೊಂಡು ಬಂದಿದ್ದ ನಿವೃತ್ತ ಮೇಷ್ಟ್ರೊಬ್ಬರಿಗೆ ಒಂದೂ ಸಿಗಲಿಲ್ಲ. ಎಷ್ಟೋ ವರ್ಷ ತಮ್ಮ ಶಾಲೆಯ ಮಕ್ಕಳನ್ನು ಬಸ್ಸು ತುಂಬಿಸಿಕೊಂಡು ಇಲ್ಲಿಗೇ ಕರೆತಂದವರು ಅವರು. ಅವರಿಗೆ ಒಂದು ಪದಕ ಎತ್ತಿಡುವವರು ಯಾರೂ ಇರಲಿಲ್ಲ.

ಈಗ ಆ ನೆನಪಿನ ಗೋಡೆಯ ಬಗ್ಗೆ. ಇದನ್ನು ಬರೆಯುವಾಗ ನನ್ನ ಕೈ ನಡುಗುತ್ತದೆ.

ಗೋಡೆ ಎಂದರೆ ಪ್ಲೈವುಡ್ಡಿನ ಒಂದು ಹಲಗೆ. ಅದರ ಮೇಲೆ ಜಾಹೀರಾತುದಾರರ ಲಾಂಛನಗಳು, ನಡುವೆ ಯಾವುದೋ ಮಾಡೆಲುಗಳು ನಗುತ್ತಿರುವ ಹೊಸ ಚಿತ್ರಗಳು. ಜನ ತಂದ ಫೋಟೊಗಳನ್ನು ಮೇಜಿನ ಹಿಂದಿದ್ದ ಯುವತಿ ಪಡೆದು, ತಂಪು ಪಾನೀಯದ ಖಾಲಿ ರಟ್ಟಿನ ಪೆಟ್ಟಿಗೆಯೊಳಗೆ ಹಾಕುತ್ತಿದ್ದಳು. ಹೆಸರು ಬರೆದುಕೊಳ್ಳಲಿಲ್ಲ. ರಸೀದಿ ಕೊಡಲಿಲ್ಲ. ದಾವಣಗೆರೆಯಿಂದ ಬಂದಿದ್ದ ತಾಯಿಯೊಬ್ಬರು ಪ್ಲಾಸ್ಟಿಕ್ ಹಾಳೆಯೊಳಗಿಟ್ಟು ತಂದಿದ್ದ ಫೋಟೊ ಕೊಟ್ಟರು. ಜಯಂಟ್ ವೀಲಿನ ಎದುರು ಅವರ ಗಂಡ, ತೋಳಿನಲ್ಲಿ ಮಗಳು. ಆತ ಈಗ ಇಲ್ಲ. ನೆಗೆಟಿವ್ ಇಲ್ಲ, ಇನ್ನೊಂದು ಪ್ರತಿಯೂ ಇಲ್ಲ. ಗೋಡೆಯ ಮೇಲೆ ಅದನ್ನು ಮಗಳಿಗೆ ತೋರಿಸಬೇಕೆಂದು ಆಸೆಪಟ್ಟು ಬಂದಿದ್ದರು. ಸಂಜೆ ಗೋಡೆಯಲ್ಲಿ ಕಾಣದೆ, ವಾಪಸ್ ಕೇಳಲು ಹೋದರೆ ಮೇಜಿನಲ್ಲಿ ಯಾರೂ ಇಲ್ಲ. ನಾವು ಹತ್ತಾರು ಮಂದಿ ಸೇರಿ ಹುಡುಕಿದಾಗ ಆ ಪೆಟ್ಟಿಗೆ ಉಪಾಹಾರ ಗೃಹದ ಹಿಂದೆ, ಕಸದ ಚೀಲಗಳ ಪಕ್ಕದಲ್ಲಿ ಸಿಕ್ಕಿತು. ಮೇಲಿದ್ದ ಫೋಟೊಗಳು ನೀರು ಬಿದ್ದು ಒಂದಕ್ಕೊಂದು ಅಂಟಿಕೊಂಡಿದ್ದವು. ಅವರ ಫೋಟೊ ಅದರಲ್ಲಿ ಇರಲಿಲ್ಲ. ಆ ತಾಯಿ ಒಂದು ಮಾತೂ ಆಡಲಿಲ್ಲ. ಮಗಳೇ ಎಲ್ಲರಿಗೂ ಕೈಮುಗಿದು ‘ಹೋಗಲಿ ಬಿಡಿ’ ಎಂದಳು.

ಹೋಗಲಿ ಬಿಡಲು ನನಗೆ ಆಗುವುದಿಲ್ಲ. ಯಾರೂ ಕೇಳದಿದ್ದರೆ ಆ ಫೋಟೊ ದಾವಣಗೆರೆಯ ಮನೆಯಲ್ಲಿ ಇನ್ನೂ ಸುರಕ್ಷಿತವಾಗಿರುತ್ತಿತ್ತು. ಕೇಳಿ ತರಿಸಿಕೊಂಡು ಕಸದ ಪಕ್ಕ ಇಟ್ಟರು. ಫ್ಲಾರಿಡಾದಲ್ಲೂ 50ನೇ ವರ್ಷದ ರಾತ್ರಿ ಪ್ರದರ್ಶನದಲ್ಲಿ ಪಾರ್ಕಿನ ಚರಿತ್ರೆಯೇ ಇಲ್ಲ ಎಂದು ಜನ ಬೇಸರಪಟ್ಟಿದ್ದರು. ಆದರೆ ಅವರು ಆ ಮಾತನ್ನು ಕಿವಿಗೆ ಹಾಕಿಕೊಂಡು 2022ರಲ್ಲಿ ಅದನ್ನು ತಿದ್ದಿ, ವಾಲ್ಟ್ ಡಿಸ್ನಿ ಮತ್ತು ಅವರ ಅಣ್ಣ ರಾಯ್ ಅವರನ್ನು ಸೇರಿಸಿದರು. ಇಲ್ಲಿ ತಿದ್ದುವುದು ಹಾಗಿರಲಿ, ಫೋಟೊಗಳು ಕಳೆದಿವೆ ಎಂದು ಒಪ್ಪಿಕೊಳ್ಳಲೂ ಯಾರೂ ತಯಾರಿಲ್ಲ.

ರಾತ್ರಿಯ ಪಟಾಕಿ ಪ್ರದರ್ಶನ ಮುಗಿದ ಮೇಲೆ ನಡೆದದ್ದು ಇನ್ನೂ ಗಂಭೀರ. ಅಷ್ಟೂ ಜನ ಒಮ್ಮೆಲೇ ಹೊರಟಾಗ ತೆರೆದಿದ್ದು ಒಂದೇ ಗೇಟು. ಉಳಿದವಕ್ಕೆ ಬೀಗ. ಹಿಂದಿನಿಂದ ತಳ್ಳುತ್ತಿದ್ದರು, ಮುಂದೆ ಜಾಗವಿಲ್ಲ. ಮಕ್ಕಳನ್ನು ಹೆಗಲ ಮೇಲೆ ಎತ್ತಿಕೊಂಡವರು ‘ತಳ್ಳಬೇಡಿ’ ಎಂದು ಕಿರುಚುತ್ತಿದ್ದರು. ಧ್ವನಿವರ್ಧಕದಲ್ಲಿ ಅಷ್ಟೂ ಹೊತ್ತು ಕುಣಿತದ ಹಾಡು ಮೊಳಗುತ್ತಿತ್ತು, ನಿಧಾನವಾಗಿ ಬನ್ನಿ ಎಂದು ಹೇಳುವ ಒಂದು ದನಿ ಇಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಅವರೂ ಸಂಭ್ರಮಕ್ಕೆಂದೇ ಬಂದ ಅಭಿಮಾನಿಗಳು. ಆ ಸಾವುಗಳನ್ನು ಕಂಡ ರಾಜ್ಯದಲ್ಲಿ ಗೇಟಿನ ಬೀಗದ ಕೈ ಯಾರ ಬಳಿ ಇದೆ ಎಂದು ಹುಡುಕಾಡುವ ಸ್ಥಿತಿ ಇದೆ ಎಂದರೆ ನನಗೆ ಮೈ ಉರಿಯುತ್ತದೆ. ಕೊನೆಗೆ ಯಾರೋ ಯುವಕರು ಗೋಡೆ ಹಾರಿ ಹೋಗಿ ಕಾವಲುಗಾರನನ್ನು ಕರೆತಂದರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಮರುದಿನ ಇಮೇಲ್ ಬರೆದೆ. ಬಂದ ಉತ್ತರದಲ್ಲಿ ‘ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ’ ಎಂದಿತ್ತು, ಕೆಳಗೆ ಮುಂದಿನ ಭೇಟಿಗೆ ಶೇಕಡ 10 ರಿಯಾಯಿತಿಯ ಕೂಪನ್. ಫೋಟೊದ ಬಗ್ಗೆ ಒಂದಕ್ಷರವಿಲ್ಲ, ಗೇಟಿನ ಬಗ್ಗೆ ಒಂದಕ್ಷರವಿಲ್ಲ. ನನಗೆ ಕೂಪನ್ ಬೇಡ. ಆ ದಿನ ಎಷ್ಟು ಟಿಕೆಟ್ ಮಾರಿದಿರಿ, ಎಷ್ಟು ಕೈಪಟ್ಟಿ ಮಾರಿದಿರಿ, ಎರಡನೇ ರೈಲು ಯಾಕೆ ಓಡಲಿಲ್ಲ, ಗೇಟುಗಳಿಗೆ ಬೀಗ ಹಾಕಲು ಹೇಳಿದವರು ಯಾರು, ಪೆಟ್ಟಿಗೆಯಲ್ಲಿದ್ದ ಫೋಟೊಗಳು ಎಲ್ಲಿವೆ? ಇದಕ್ಕೆ ಲಿಖಿತ ಉತ್ತರ ಬೇಕು.

ಅಲ್ಲಿದ್ದವರಲ್ಲಿ ಒಂದು ಕೋರಿಕೆ. ಟಿಕೆಟ್, ಕೈಪಟ್ಟಿ, ಹಣ ಪಾವತಿಯ ಸಂದೇಶ, ಮೊಬೈಲಿನಲ್ಲಿ ತೆಗೆದ ವಿಡಿಯೊ ಯಾವುದನ್ನೂ ಅಳಿಸಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಪಾರ್ಕ್ ಇರುವ ಊರಿಗೆ ಅಲೆಯಬೇಕಾಗಿಲ್ಲ. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ. ಮೊದಲು ಮಾತನಾಡಿ ನೋಡುವವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ನಾನು ನನ್ನ ಜಿಲ್ಲೆಯಲ್ಲಿ ಕೊಟ್ಟಾಗಿದೆ. ದಾವಣಗೆರೆಯ ಆ ತಾಯಿಯ ಪರವಾಗಿ ಅವರ ಮಗಳೂ ಅಲ್ಲಿನ ಆಯೋಗಕ್ಕೆ ಕೊಡುವವಳಿದ್ದಾಳೆ. ಪೆಟ್ಟಿಗೆ ಸಿಕ್ಕ ಜಾಗದ ವಿಡಿಯೊ ಇದ್ದವರು ಅವಳಿಗೆ ಸಾಕ್ಷಿಯಾಗಿ ನಿಲ್ಲಿ.