ಆರಕ್ಕೆ ಕಡಿಮೆ ಬೇಡ

ನಿಯಾನ್ ಟೆಟ್ರಾ ಎಂಬ ನೀಲಿ ಗೆರೆಯ ಪುಟ್ಟ ಮೀನುಗಳನ್ನು ತಂದು ಬಿಟ್ಟ ಮೇಲೆ ನಮ್ಮ ಮನೆಯ ಅಕ್ವೇರಿಯಂ ಮುಂದೆ ನಿಂತವರೆಲ್ಲ ಪ್ರವಚನ ಸುರು ಮಾಡಿದ್ದಾರೆ. ಗಪ್ಪಿಗಳು ಮಾತ್ರ ಇದ್ದಾಗ ಈ ಕಾಟ ಇರಲಿಲ್ಲ. "ಗುಂಪಿನ ಮೀನು, ಆರಕ್ಕೆ ಕಡಿಮೆ ಕೊಡ್ಲಿಕ್ಕಿಲ್ಲ" ಎಂದ ಕಾಸರಗೋಡಿನ ಅಂಗಡಿಯವರ ಮಾತಿಗೆ ಒಪ್ಪಿ ಒಂದು ಡಜನ್ ತಂದೆ. ಈಗ ಅವು ಉಪದೇಶಕ್ಕೆ ವಸ್ತುವಾಗಿವೆ.

ಪಕ್ಕದ ಮನೆಯ ಅಣ್ಣ, ಅಂದರೆ ದೊಡ್ಡಪ್ಪನ ಮಗ, ಬಂದವರೇ ಗಾಜಿಗೆ ಮೂಗು ತಾಗಿಸಿದರು. ಮೀನುಗಳೆಲ್ಲ ಹಿಂದಿನ ಮೂಲೆಯಲ್ಲಿ ಒಂದೇ ನೀಲಿ ಗೆರೆಯಾದವು. "ನೋಡು ಮಾರಾಯ, ಎಂಥಾ ಒಗ್ಗಟ್ಟು! ಮನುಷ್ಯರಿಗೆ ಇಷ್ಟು ಬುದ್ಧಿ ಉಂಟಾ?"

ಒಗ್ಗಟ್ಟೂ ಇಲ್ಲ, ಮಣ್ಣೂ ಇಲ್ಲ. ಹೆದರಿಕೆ. ನೆಮ್ಮದಿಯಲ್ಲಿದ್ದಾಗ ಈ ಮೀನುಗಳು ಅಲ್ಲೊಂದು ಇಲ್ಲೊಂದು ತಮ್ಮಷ್ಟಕ್ಕೆ ಓಡಾಡಿಕೊಂಡಿರುತ್ತವೆ. ಗಾಬರಿಯಾದಾಗಲೇ ಒತ್ತಾಗಿ ಸೇರುವುದು. ಅವುಗಳ ಮೂಲ ಊರಾದ ಅಮೆಜಾನಿನ ತೊರೆಗಳಲ್ಲಿ ಹತ್ತಿರ ಬಂದ ದೊಡ್ಡ ನೆರಳಿಗೆ ಹಸಿವೆಯಲ್ಲದೆ ಬೇರೆ ಉದ್ದೇಶ ಇರುವುದಿಲ್ಲ. ಅಣ್ಣನ ನೆರಳೂ ಸಣ್ಣದಲ್ಲ. ಇದನ್ನು ಹೇಳೋಣವೆಂದಿದ್ದೆ, ಆದರೆ ಒಗ್ಗಟ್ಟು ಎಂಬ ಮಾತು ಅವರ ಬಾಯಲ್ಲಿ ಕೇಳಿ ನನಗೆ ಸುರಂಗ ನೆನಪಾಯಿತು.

ನಮ್ಮ ಎರಡೂ ಮನೆಗೆ ನೀರು ಕೊಡುವುದು ಅಜ್ಜ ತೋಡಿಸಿದ ಸುರಂಗ. ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಗುಡ್ಡದ ಮುರಕಲ್ಲಿಗೆ ಅಡ್ಡಲಾಗಿ, ಒಬ್ಬ ನಡೆಯುವಷ್ಟೇ ಅಗಲಕ್ಕೆ ಕೊರೆಯುತ್ತಾ ಹೋಗುವುದು. ಗುದ್ದಲಿ ಬೀಸಲೂ ಜಾಗ ಸಾಲದು. ಒಳಗೆ ದೀಪ ಇಟ್ಟುಕೊಳ್ಳಬೇಕು, ಅದು ಮಂಕಾದರೆ ಗಾಳಿ ಕಡಿಮೆಯಾಯಿತೆಂದು ಹೊರಗೆ ಬಂದುಬಿಡಬೇಕು. ಕಲ್ಲು ಬೆವರಿ, ಹನಿ ಹನಿಯಾಗಿ ಇಳಿದು, ಬಾಯಿಯ ಹತ್ತಿರ ಕಟ್ಟಿದ ಮಣ್ಣಿನ ತಡೆಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಪೈಪಿನಲ್ಲಿ ತಾನಾಗಿಯೇ ಇಳಿದು ಬರುತ್ತದೆ. ಪಂಪೂ ಬೇಡ, ಕರೆಂಟು ಬಿಲ್ಲೂ ಇಲ್ಲ. ಪಾಲಾದಾಗ ತೋಟ, ಮನೆ, ಕೊಟ್ಟಿಗೆ ಎಲ್ಲ ಸುಲಭವಾಗಿ ಇಬ್ಭಾಗವಾಯಿತು. ಹನಿಯುವ ನೀರು ಮಾತ್ರ ಆಗಲಿಲ್ಲ. ಕೊನೆಗೆ ಸರದಿ ಎಂದಾಯಿತು. ಒಂದು ದಿನ ಅವರ ಕಡೆಗೆ, ಮರುದಿನ ನಮ್ಮ ಕಡೆಗೆ. ಮಾರ್ಚ್ ತಿಂಗಳಲ್ಲಿ ನಮ್ಮ ಸರದಿಯ ದಿನ ಬೆಳಿಗ್ಗೆ ನೋಡಿದರೆ ಪೈಪಿನ ತುದಿ ಅವರ ಅಡಕೆ ಬುಡಕ್ಕೆ ತಿರುಗಿರುತ್ತಿತ್ತು. ಕೇಳಿದರೆ "ದನ ಕಾಲು ಹಾಕಿರಬೇಕು." ಅವರ ಹಟ್ಟಿಯಲ್ಲಿ ಆಗ ದನವೇ ಇರಲಿಲ್ಲ. ಅತ್ತಿಗೆ ಆರೋಪ ನಮ್ಮ ಮೇಲೇ ಹಾಕಿದರು. ಆಮೇಲೆ ಅಣ್ಣ ಬೋರ್‌ವೆಲ್ ಕೊರೆಸಿದರು, ಆದರೂ ಸರದಿ ಬಿಡಲಿಲ್ಲ. ಬಿಡಬೇಕಾಗಿಯೂ ಇಲ್ಲ ಬಿಡಿ, ಹಕ್ಕು ಹಕ್ಕೇ. ಆದರೆ ಅವರು ಬಂದು ನನಗೆ ಒಗ್ಗಟ್ಟು ಕಲಿಸಬೇಕಾ?

ಮೀನಿನ ವಿಷಯಕ್ಕೆ ಬರುತ್ತೇನೆ. ಅಂಗಡಿಯವರು ಮೊದಲು ಕೇಳಿದ್ದೇ "ಯಾವ ನೀರು?" ಎಂದು. ಸುರಂಗದ್ದು ಎಂದಾಗ ಖುಷಿಪಟ್ಟರು. ಟೆಟ್ರಾಗಳಿಗೆ ಮೃದುವಾದ, ತುಸು ಆಮ್ಲದ ಕಡೆ ವಾಲಿದ ನೀರು ಬೇಕು. ನಮ್ಮ ಮುರಕಲ್ಲು ಸೋಸಿ ಕೊಡುವುದೂ ಅಂಥದ್ದೇ. ಅದಕ್ಕೂ ಮೊದಲು ಫಿಲ್ಟರಿನಲ್ಲಿ ಕೊಳೆ ತಿನ್ನುವ ಬ್ಯಾಕ್ಟೀರಿಯಾ ಬೆಳೆಯಲೆಂದು ವಾರಗಟ್ಟಲೆ ಕಾದಿದ್ದೆ. ಹೊಸ ಮೀನಿನ ಪ್ಲಾಸ್ಟಿಕ್ ತೊಟ್ಟೆಯನ್ನು ನೀರಲ್ಲಿ ತೇಲಿಬಿಟ್ಟು, ಕಪ್ಪಿನಿಂದ ಸ್ವಲ್ಪ ಸ್ವಲ್ಪವೇ ನಮ್ಮ ನೀರು ಸೇರಿಸಿ, ಆಮೇಲೆ ಬಲೆಯಲ್ಲಿ ಎತ್ತಿ ಬಿಟ್ಟೆ. ಮನೆಯವರೆಲ್ಲ ಬಾಣಂತಿ ಕೋಣೆಯ ಹೊರಗೆ ನಿಂತ ಹಾಗೆ ನಿಂತಿದ್ದರು.

ಕಾಫಿ ಮುಗಿಸಿದ ಅಣ್ಣ ಹೊರಡಲಿಲ್ಲ.

"ನನಗೂ ಎರಡು ಕೊಡು. ಮೊಮ್ಮಗನಿಗೆ ಆಗ್ತದೆ."

"ಎರಡು ಸಾಕಾಗುವುದಿಲ್ಲ ಅಣ್ಣ, ಆರಾದರೂ ಬೇಕು."

"ಆರು ಎಂತಕ್ಕೆ? ಸುಮ್ನೆ ರಗಳೆ."

"ಮತ್ತೆ ನಿಮ್ಮ ಬೋರ್‌ವೆಲ್ ನೀರು ಆಗ್ಲಿಕ್ಕಿಲ್ಲ. ಕುದಿಸಿದ ಪಾತ್ರೆಯಲ್ಲಿ ಬಿಳಿ ಕಟ್ಟುತ್ತದಲ್ವಾ?"

ಅಣ್ಣ ಸ್ವಲ್ಪ ಯೋಚಿಸಿದರು. "ಸುರಂಗದ್ದೇ ಎರಡು ಕೊಡ ತಕ್ಕೊಂಡು ಹೋಗ್ತೇನೆ."

"ಧಾರಾಳವಾಗಿ" ಎಂದೆ, "ಇವತ್ತು ನಮ್ಮ ಸರದಿ, ನಾಳೆ ಬನ್ನಿ."